ಮಗಳ ಭಾಷಣಕ್ಕೆ ಸಹಾಯ ಬೇಕು: ದೇಶ ದೇಶಗಳ ನಡುವೆ ರಾಜಮನೆತನಗಳಿಗೆ ಎಂತ ಕೆಲಸ?

ಶಿರಿಯಹೊಳೆ (ಶನಿವಾರ, ರಾತ್ರಿ 8:40)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಬರುವ ಶುಕ್ರವಾರ ಶಾಲೆಯಲ್ಲಿ ಚರ್ಚಾ ಸ್ಪರ್ಧೆ. ವಿಷಯ, 'ದೇಶಗಳ ಸ್ನೇಹಕ್ಕೆ ರಾಜಮನೆತನಗಳು ಇನ್ನೂ ಬೇಕೇ?' ಚೀಟಿ ಎತ್ತಿದಾಗ ಇವಳಿಗೆ 'ಬೇಕು' ಎಂಬ ಕಡೆ ಬಂದಿದೆ. ಮನೆಗೆ ಬಂದವಳೇ ಚೀಲ ಮೂಲೆಗೆ ಎಸೆದು, "ಅಪ್ಪಾ, ರಾಜರು ಬೇಕು ಅಂದ್ರೆ ಎಲ್ಲರೂ ನಗ್ತಾರೆ" ಎಂದು ಮುಖ ಊದಿಸಿಕೊಂಡು ಕೂತಳು.

ನಾನು ಸಮಾಧಾನ ಮಾಡಲು ಹೋಗಿ ನಮ್ಮ ಕಾಸರಗೋಡಿನ ಮಾಯಿಪ್ಪಾಡಿ ಅರಮನೆ ಇಲ್ವಾ, ಕುಂಬಳೆ ಅರಸರು ಇಲ್ವಾ ಎಂದೆ. "ಅವರು ಈಗ ಯಾವ ದೇಶದ ಜೊತೆ ಒಪ್ಪಂದ ಮಾಡ್ತಾರೆ?" ಎಂದು ಕೇಳಿದಳು. ನನ್ನ ಬಾಯಿ ಮುಚ್ಚಿತು. ಅಡಿಕೆಗೆ ಮದ್ದು ಬಿಡುವುದು ಹೇಗೆಂದು ಕೇಳಿದರೆ ಹೇಳಿಯೇನು. ಇದು ನನ್ನ ಕೈ ಮೀರಿದ್ದು. ತಿಳಿದವರು ನಾಲ್ಕು ಮಾತು ಬರೆಯಿರಿ. ಮೂರು ನಿಮಿಷದ ಭಾಷಣ.

ಅಡಿಕೆಕೊಯ್ಲು (ಶನಿವಾರ, ರಾತ್ರಿ 8:52)

ಚೀಟಿ ಬದಲಾಯಿಸಿಕೊಳ್ಳಲು ಹೇಳಿ ಅಣ್ಣ. ಸುಮ್ನೆ ಬಂಗಾರದ ಗಾಡಿಯಲ್ಲಿ ಕೂತು ಕೈಬೀಸುವವರಿಂದ ದೇಶಕ್ಕೆ ಎಂತ ಉಪಯೋಗ? ಒಪ್ಪಂದ ಬರೆಯುವುದು ಅಧಿಕಾರಿಗಳು, ಸಹಿ ಹಾಕುವುದು ಮಂತ್ರಿಗಳು, ಊಟ ಮಾಡುವುದು ರಾಜರು.

ಪೆರ್ಲ_ಮಾಷ್ಟ್ರು (ಶನಿವಾರ, ರಾತ್ರಿ 9:30)

ಮಗುವಿಗೆ ಹೇಳಿ, ಅವಳ ಕಡೆ ಅಷ್ಟೇನೂ ದುರ್ಬಲ ಅಲ್ಲ. ನಮ್ಮ ಕರಾವಳಿಯಿಂದಲೇ ಶುರು ಮಾಡಬಹುದು.

1443ರ ಸುಮಾರಿಗೆ ಅಬ್ದುರ್ ರಜಾಕ್ ಎಂಬ ರಾಯಭಾರಿ ಕಲ್ಲಿಕೋಟೆಯಲ್ಲಿದ್ದ. ಈಗಿನ ಅಫ್ಘಾನಿಸ್ತಾನದ ಹೆರಾತಿನ ಶಾರುಖ್ ದೊರೆ ಕಳಿಸಿದವನು. ಅವನಿಗೆ ಕಲ್ಲಿಕೋಟೆ ಒಗ್ಗಲಿಲ್ಲ, ಬೇಜಾರಿನಲ್ಲಿದ್ದ. ಅಷ್ಟರಲ್ಲಿ ವಿಜಯನಗರದಿಂದ ಇಮ್ಮಡಿ ದೇವರಾಯನ ಓಲೆ ಬಂತು, ಆ ರಾಯಭಾರಿಯನ್ನು ನಮ್ಮಲ್ಲಿಗೆ ಕಳಿಸಿ ಎಂದು. ಅವನು ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಹಂಪಿಗೆ ಹೋದ. ಅಂದ್ರೆ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಎದುರಿನ ಸಮುದ್ರದಲ್ಲೇ ಹಾದುಹೋಗಿದ್ದಾನೆ.

ಇನ್ನೊಂದು ಇದಕ್ಕಿಂತ ಚೆಂದ. 1623. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವದಿಂದ ಇಕ್ಕೇರಿಗೆ ಬರುತ್ತಾನೆ. ಅಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ. ಮಾತು ಕಾಳುಮೆಣಸಿನ ವ್ಯಾಪಾರದ್ದು, ಜೊತೆಗೆ ಮಂಗಳೂರಿನ ಬಂಗ ಅರಸನ ಜಗಳದ್ದು. ಆ ಕೆಲಸ ಮುಗಿದ ಮೇಲೆ ಅವನು ಈ ಕಡೆ ಇಳಿದು ಉಳ್ಳಾಲದ ರಾಣಿಯನ್ನು ನೋಡುತ್ತಾನೆ. ಎಲ್ಲಿ ಗೊತ್ತಾ? ಅರಮನೆಯಲ್ಲಲ್ಲ. ದಾರಿಯಲ್ಲಿ. ರಾಣಿ ಬರಿಗಾಲಲ್ಲಿ ನಡೆದುಕೊಂಡು, ಅಗೆಯುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ತಲೆಯ ಮೇಲೆ ಒಬ್ಬ ಆಳು ಓಲೆಗರಿಯ ಕೊಡೆ ಹಿಡಿದಿದ್ದ. ನೋಡಲು ಅಡುಗೆಮನೆಯ ಹೆಂಗಸಿನ ಹಾಗಿದ್ದಳು, ಬಾಯಿ ತೆರೆದರೆ ಮಾತ್ರ ಬುದ್ಧಿವಂತೆ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಸೊಕ್ಕು ನೋಡಿ ಅವನದು! ಆದರೂ ನಮಗೆ ಆ ಚಿತ್ರ ಸಿಕ್ಕಿದ್ದು ಅವನಿಂದಲೇ.

ಆಗ ರಾಜ ಅಥವಾ ರಾಣಿ ಅಂದರೇ ದೇಶ. ಗಂಡ ಹೆಂಡತಿ ಮುನಿಸಿಕೊಂಡರೂ ಅದು ವಿದೇಶಾಂಗ ವಿಷಯ. ಬಂಗ ಅರಸ ಆ ರಾಣಿಯ ಬಿಟ್ಟ ಗಂಡ. ಅವನು ಪೋರ್ಚುಗೀಸರ ಕಡೆ, ಅವಳು ಇಕ್ಕೇರಿಯ ಕಡೆ.

ಮಂಜೇಶ್ವರದ_ಅಕ್ಕ (ಶನಿವಾರ, ರಾತ್ರಿ 9:41)

ಮಾಷ್ಟ್ರೇ, ಓಲೆಗರಿ ಕೊಡೆ ಹಿಡಿದ ರಾಣಿ ಕಾಲುವೆ ನೋಡಲು ಹೋದದ್ದು ಓದಿ ಖುಷಿಯಾಯ್ತು. ನಮ್ಮ ವಾರ್ಡಿನ ತೋಡು ನೋಡಲು ಯಾರೂ ಬರುವುದಿಲ್ಲ.

ಅಡಿಕೆಕೊಯ್ಲು (ಶನಿವಾರ, ರಾತ್ರಿ 9:55)

ಅದು 400 ವರ್ಷ ಹಿಂದಿನ ಕಥೆ. ವಿಷಯದಲ್ಲಿ 'ಇನ್ನೂ' ಎಂದು ಉಂಟು. ಈಗಿನದು ಹೇಳಿ. ಮತ್ತೆ, ಸಂಬಂಧಿಕರಾದರೆ ಯುದ್ಧ ಆಗುವುದಿಲ್ಲ ಎನ್ನುವುದೂ ಸುಳ್ಳು. 1914ರಲ್ಲಿ ಇಂಗ್ಲೆಂಡಿನ ಐದನೇ ಜಾರ್ಜ್, ಜರ್ಮನಿಯ ಕೈಸರ್ ವಿಲ್ಹೆಲ್ಮ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ಜಾರ್ಜನ ತಾಯಿ, ರಷ್ಯದ ಚಕ್ರವರ್ತಿ ನಿಕೊಲಸನ ತಾಯಿ ಅಕ್ಕ ತಂಗಿಯರು. ಯುದ್ಧಕ್ಕೆ ಮೂರು ದಿನ ಇರುವಾಗ ಕೈಸರ್ ಮತ್ತು ನಿಕೊಲಸ್ ಒಬ್ಬರಿಗೊಬ್ಬರು ಟೆಲಿಗ್ರಾಂ ಮೇಲೆ ಟೆಲಿಗ್ರಾಂ ಕಳಿಸಿದರು. ಕೆಳಗೆ ಸಹಿ 'ವಿಲ್ಲಿ', 'ನಿಕಿ'. ಮುದ್ದಿನ ಹೆಸರು! ಆಗಸ್ಟ್ 1ಕ್ಕೆ ಜರ್ಮನಿ ಯುದ್ಧ ಸಾರಿತು. 1917ರಲ್ಲಿ ನಿಕೊಲಸ್ ಪಟ್ಟ ಕಳೆದುಕೊಂಡಾಗ ಬ್ರಿಟನ್ ಮೊದಲು ಆಶ್ರಯ ಕೊಡುತ್ತೇವೆ ಎಂದಿತು, ಆಮೇಲೆ ಜಾರ್ಜೇ ಹಿಂಜರಿದು ಅದನ್ನು ತಪ್ಪಿಸಿದ. ಮರುವರ್ಷ ನಿಕೊಲಸನ ಇಡೀ ಸಂಸಾರವನ್ನು ಗುಂಡಿಕ್ಕಿ ಕೊಂದರು. ಇದು ನಿಮ್ಮ ರಾಜನೆಂಟಸ್ತಿಕೆ.

ಪೆರ್ಲ_ಮಾಷ್ಟ್ರು (ಶನಿವಾರ, ರಾತ್ರಿ 10:20)

ಒಪ್ಪಿದೆ, ಅದು ನಿಮ್ಮ ಕಡೆಗೆ ಒಳ್ಳೆಯ ಉದಾಹರಣೆ. ಸೈನ್ಯದ ರೈಲು ಹೊರಟ ಮೇಲೆ ಅತ್ತೆ ಮಗನ ಮಾತಿಗೆ ಬೆಲೆ ಇಲ್ಲ.

ಟಿಪ್ಪುವಿನದೂ ಹಾಗೇ ಆಯಿತು. 1787ರಲ್ಲಿ ಪಾಂಡಿಚೇರಿಯಿಂದ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. 1788ರ ಆಗಸ್ಟಿನಲ್ಲಿ ಹದಿನಾರನೇ ಲೂಯಿ ವರ್ಸೈ ಅರಮನೆಯಲ್ಲಿ ಭರ್ಜರಿ ಮರ್ಯಾದೆ ಮಾಡಿದ. ಪ್ಯಾರಿಸಿನ ಜನ ಇವರ ರುಮಾಲು, ನಿಲುವಂಗಿ ನೋಡಲು ಮುಗಿಬಿದ್ದರು. ಕೇಳಿದ್ದು ಸೈನ್ಯ. ಸಿಕ್ಕಿದ್ದು ಉಪಚಾರ. ಮರುವರ್ಷ ಅಲ್ಲಿ ಕ್ರಾಂತಿ. ಲೂಯಿಯ ತಲೆಯೇ ಉಳಿಯಲಿಲ್ಲ.

ಆದರೆ ಮೆರವಣಿಗೆ ಮಾತ್ರ ಮಾಡಿದವರಲ್ಲ ರಾಜರು. 1919ರಲ್ಲಿ ವರ್ಸೈ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಬಿಕಾನೇರಿನ ಮಹಾರಾಜ ಗಂಗಾಸಿಂಗ್ ಒಬ್ಬರು. ಎರಡನೇ ಮಹಾಯುದ್ಧದಲ್ಲಿ ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಗ್ ಪೋಲೆಂಡಿನ ಅನಾಥ ಮಕ್ಕಳಿಗೆ ಬಾಲಾಚಡಿಯಲ್ಲಿ ಜಾಗ ಕೊಟ್ಟು ಸಾಕಿದರು. ಇವತ್ತಿಗೂ ವಾರ್ಸಾದಲ್ಲಿ ಅವರ ನೆನಪಿಗೆ 'ಒಳ್ಳೆಯ ಮಹಾರಾಜ' ಎಂಬ ಚೌಕ ಉಂಟು. ಅವರು ತೀರಿಹೋಗಿ ಎಷ್ಟೋ ವರ್ಷ ಆಯಿತು, ಭಾರತ ಪೋಲೆಂಡ್ ಮಾತು ಬಂದಾಗೆಲ್ಲ ಆ ಹೆಸರು ಬರುತ್ತದೆ. ಈ ಕಥೆಯನ್ನು ಮಗು ಹೇಳಬಹುದು.

ಗಡಿಯಾಚೆ (ಭಾನುವಾರ, ಬೆಳಗ್ಗೆ 7:15)

ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ಮನೆ ಬದಿಯಡ್ಕ. 1961ರಲ್ಲಿ ಎಲಿಜಬೆತ್ ರಾಣಿ ಇಲ್ಲಿಗೆ ಬಂದಾಗ ರಾಜ್ಯಪಾಲರಾಗಿ ಎದುರುಗೊಂಡದ್ದು ಜಯಚಾಮರಾಜ ಒಡೆಯರ್. ಸ್ವಾತಂತ್ರ್ಯ ಬಂದು 14 ವರ್ಷ, ರಾಣಿಯ ಎದುರು ಹಳೆಯ ಮಹಾರಾಜರೇ! ಲಾಲ್‌ಬಾಗಿನಲ್ಲಿ ರಾಣಿ ಒಂದು ಗಿಡ ನೆಟ್ಟರು.

ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬ್ರಿಟನ್ನಿನ ರಾಜ ಯಾವ ದೇಶಕ್ಕೆ ಹೋಗಬೇಕು, ಯಾರನ್ನು ಊಟಕ್ಕೆ ಕರೆಯಬೇಕು ಎಂದು ತೀರ್ಮಾನಿಸುವುದು ಅರಮನೆಯಲ್ಲ, ಸರಕಾರ. ಹಾಗಾಗಿ 1978ರಲ್ಲಿ ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವನ್ನೂ ರಾಣಿ ಅರಮನೆಯಲ್ಲೇ ಉಳಿಸಿಕೊಳ್ಳಬೇಕಾಯ್ತು. ಸರಕಾರಕ್ಕೆ ವಿಮಾನ ಮಾರುವ ಆಸೆ ಇತ್ತು. ರಾಣಿಗೆ ಇಷ್ಟ ಇತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಬಾಗಿಲಲ್ಲಿ ನಿಂತು ಪನ್ನೀರು ಹಾಕುವ ಹಿರಿಯರ ಹಾಗೆ. ಯಾರನ್ನು ಕರೆದದ್ದು ಎಂದು ಅವರಿಗೂ ಗೊತ್ತಿರುವುದಿಲ್ಲ, ನಗಬೇಕು ಅಷ್ಟೆ.

ಮಂಜೇಶ್ವರದ_ಅಕ್ಕ (ಭಾನುವಾರ, ಬೆಳಗ್ಗೆ 10:05)

ಆ ಪನ್ನೀರಿನವರಿಂದಲೂ ಕೆಲಸ ಆಗುತ್ತದೆ. ಎರಡು ಮನೆಗೆ ಹತ್ತು ವರ್ಷದಿಂದ ಮಾತಿಲ್ಲ ಎಂದಿಟ್ಟುಕೊಳ್ಳಿ. ಮನೆ ಯಜಮಾನ ಹೋದರೆ ಸೋತ ಹಾಗೆ. ಅಜ್ಜಿ ಹೋಗಿ ಕೂತು ಒಂದು ಲೋಟ ಕಾಫಿ ಕುಡಿದು ಬಂದರೆ ಯಾರೂ ಸೋತ ಹಾಗಾಗುವುದಿಲ್ಲ, ಅಲ್ವಾ?

2011ರ ಮೇ ತಿಂಗಳಲ್ಲಿ ಎಲಿಜಬೆತ್ ಐರ್ಲೆಂಡಿಗೆ ಹೋದದ್ದು ಹಾಗೇ. ಆ ದೇಶ ಸ್ವತಂತ್ರ ಆದಮೇಲೆ ಬ್ರಿಟನ್ನಿನ ದೊರೆ ಯಾರೂ ಕಾಲಿಟ್ಟಿರಲಿಲ್ಲ. ಕೊನೆಗೆ ಹೋದದ್ದು 1911ರಲ್ಲಿ, ಇವರ ಅಜ್ಜ. ರಾಣಿ ಡಬ್ಲಿನ್ನಿನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರ ಸ್ಮಾರಕದ ಮುಂದೆ ಹೂವಿಟ್ಟು ತಲೆ ಬಗ್ಗಿಸಿದರು. ರಾತ್ರಿ ಊಟದ ಭಾಷಣವನ್ನು ಐರಿಷ್ ಭಾಷೆಯಲ್ಲಿ ಶುರು ಮಾಡಿದರು. ಬರೀ ಒಂದು ಸಾಲು. ಪಕ್ಕದಲ್ಲಿದ್ದ ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್ ಆಶ್ಚರ್ಯದಿಂದ 'ವಾವ್' ಎಂದದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಮರುವರ್ಷ ಮಾರ್ಟಿನ್ ಮೆಗಿನಿಸ್ ಕೈ ಕುಲುಕಿದರು. ಆತ ಹಿಂದೆ, ಬ್ರಿಟಿಷರ ವಿರುದ್ಧ ಬಂದೂಕು ಹಿಡಿದ ಐಆರ್‌ಎ ಎಂಬ ಸಂಘಟನೆಯ ಮುಖಂಡ. ಅದೇ ಐಆರ್‌ಎ 1979ರಲ್ಲಿ ಇವರ ಗಂಡನ ಸೋದರಮಾವ ಮೌಂಟ್‌ಬ್ಯಾಟನ್ನರನ್ನು ಬಾಂಬಿಟ್ಟು ಕೊಂದದ್ದು.

ನಮ್ಮ ಭಾಷೆಯಲ್ಲಿ ಒಂದು ಸಾಲು ಮಾತಾಡಿದರೆ ಎಷ್ಟು ಖುಷಿ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಲೂಕು ಆಫೀಸಿನಲ್ಲಿ ಒಬ್ಬರು 'ಬನ್ನಿ ಕೂತ್ಕೊಳ್ಳಿ' ಎಂದರೆ ಸಾಕು, ನನ್ನ ಅರ್ಧ ಸಿಟ್ಟು ಇಳಿಯುತ್ತದೆ.

ಬೇಕಲದಗಾಳಿ (ಭಾನುವಾರ, ಬೆಳಗ್ಗೆ 10:30)

ಅದಕ್ಕೇ ಹೇಳುವುದು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವಾಗ ನಮ್ಮ ಪರ ಮಾತಾಡಲು ಒಬ್ಬ ಅರಸ ಇರಬೇಕಿತ್ತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಎಂದು ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಹೇಳಿದೆ, ಆದರೂ

ನಿರ್ವಾಹಕ (ಭಾನುವಾರ, ಬೆಳಗ್ಗೆ 10:34)

ಬೇಕಲದವರೇ, ಮಹಾಜನ ವರದಿಗೆ ಪ್ರತ್ಯೇಕ ಚರ್ಚೆ ಉಂಟು, ಈಗಾಗಲೇ 600 ಉತ್ತರ ದಾಟಿದೆ. ದಯವಿಟ್ಟು ಅಲ್ಲಿಗೆ ಹೋಗಿ.

ಅಡಿಕೆಕೊಯ್ಲು (ಭಾನುವಾರ, ಬೆಳಗ್ಗೆ 11:10)

ಅಕ್ಕ, ನಿಮ್ಮ ಅಜ್ಜಿಯ ಕಾಫಿ ಚೆಂದ ಉಂಟು. ಆದರೆ ಅದೇ ರಾಣಿ 1997ರಲ್ಲಿ ಜಲಿಯನ್‌ವಾಲಾ ಬಾಗಿಗೆ ಬಂದಿದ್ದರು. ಚಪ್ಪಲಿ ಕಳಚಿದರು, ಹೂವಿಟ್ಟರು, ಮೌನವಾಗಿ ನಿಂತರು. ಕ್ಷಮೆ ಕೇಳಲಿಲ್ಲ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಜೊತೆಗಿದ್ದ ಗಂಡ ಫಿಲಿಪ್, ಅಲ್ಲಿನ ಫಲಕದಲ್ಲಿ ಸತ್ತವರು 2000 ಎಂದು ಬರೆದದ್ದು ಜಾಸ್ತಿಯಾಯ್ತು, ನಾನು ನೌಕಾಪಡೆಯಲ್ಲಿ ಡೈಯರನ ಮಗನ ಜೊತೆ ಇದ್ದೆ ಎಂಬಂತೆ ಮಾತಾಡಿದರು. ಅವರ ಒಂದು ವಾಕ್ಯಕ್ಕೆ ಅಷ್ಟೂ ಹೂವು ಬಾಡಿತು. ಮಂತ್ರಿಯಾಗಿದ್ದರೆ ರಾಜೀನಾಮೆ ಕೇಳಬಹುದಿತ್ತು. ರಾಣಿಯ ಗಂಡನನ್ನು ಎಂತ ಮಾಡುತ್ತೀರಿ?

ಪೆರ್ಲ_ಮಾಷ್ಟ್ರು (ಭಾನುವಾರ, ಮಧ್ಯಾಹ್ನ 2:45)

ಸರಿ, ಹಾಗಾದರೆ ಜೋರ್ಡನಿನ ದೊರೆ ಹುಸೇನ್ ಕಥೆ ಕೇಳಿ. 1994ರಲ್ಲಿ ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದರು. 1997ರ ಮಾರ್ಚಿನಲ್ಲಿ ಗಡಿಯಲ್ಲಿ ಒಬ್ಬ ಜೋರ್ಡನ್ ಸೈನಿಕ, ಪ್ರವಾಸಕ್ಕೆ ಬಂದಿದ್ದ ಇಸ್ರೇಲಿ ಶಾಲಾ ಹುಡುಗಿಯರ ಮೇಲೆ ಗುಂಡು ಹಾರಿಸಿದ. ಏಳು ಮಕ್ಕಳು ಸತ್ತರು. ಒಪ್ಪಂದ ಇನ್ನು ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಹುಸೇನ್ ಪತ್ರಿಕಾ ಹೇಳಿಕೆ ಕೊಟ್ಟು ಸುಮ್ಮನಾಗಲಿಲ್ಲ. ಮೂರೇ ದಿನದಲ್ಲಿ ಇಸ್ರೇಲಿಗೆ ಹೋದರು. ಬೇತ್ ಶೆಮೆಶ್ ಎಂಬ ಊರಿನಲ್ಲಿ ಆ ಮಕ್ಕಳ ಮನೆಗೆ ಒಂದೊಂದಾಗಿ ಹೋದರು. ದುಃಖದಲ್ಲಿ ನೆಲದ ಹತ್ತಿರ ಕೂತಿದ್ದ ತಂದೆ ತಾಯಿಯರ ಮುಂದೆ ಮೊಣಕಾಲೂರಿ ಕೂತು ಅವರ ಕೈ ಹಿಡಿದರು. ಟಿವಿಯಲ್ಲಿ ಎರಡೂ ದೇಶ ನೋಡಿತು. ಅರಬ್ ದೇಶಗಳಲ್ಲಿ ಬೈದವರು ಬಹಳ. ಓಟು ಕೇಳಬೇಕಾದ ಮನುಷ್ಯ ಹಾಗೆ ಕೂರಲು ಹತ್ತು ಸಲ ಯೋಚಿಸುತ್ತಿದ್ದ. ಒಪ್ಪಂದ ಇವತ್ತಿಗೂ ನಿಂತಿದೆ.

ನಮ್ಮ ಪಕ್ಕದ್ದೇ ಬೇಕಾದರೆ ನೇಪಾಳ. 1950ರ ನವೆಂಬರ್ 6ಕ್ಕೆ ರಾಜ ತ್ರಿಭುವನ್ ಸಂಸಾರ ಸಮೇತ ಪಿಕ್‌ನಿಕ್ಕಿಗೆಂದು ಕಾರಿನಲ್ಲಿ ಹೊರಟವರು, ಸೀದಾ ಭಾರತದ ರಾಯಭಾರ ಕಚೇರಿಯ ಗೇಟಿನೊಳಗೆ ನುಗ್ಗಿಸಿದರು. ರಾಣಾ ಮನೆತನದ ಪ್ರಧಾನಿಗಳು ಅರಸರನ್ನು ನಾಮಕಾವಾಸ್ತೆ ಇಟ್ಟಿದ್ದ ಕಾಲ ಅದು. ರಾಣಾಗಳು ಸಿಟ್ಟಿನಲ್ಲಿ, ಮನೆಯಲ್ಲೇ ಉಳಿದಿದ್ದ ಮೂರು ವರ್ಷದ ಮೊಮ್ಮಗನಿಗೆ ಪಟ್ಟ ಕಟ್ಟಿದರು. ಭಾರತ ಆ ಮಗುವನ್ನು ರಾಜನೆಂದು ಒಪ್ಪಲಿಲ್ಲ. ಮೂರು ತಿಂಗಳಲ್ಲಿ ರಾಣಾಗಳ ಆಟ ಮುಗಿಯಿತು. ಆ ಮಗು ಗ್ಯಾನೇಂದ್ರ, ಮುಂದೆ ನೇಪಾಳದ ಕೊನೆಯ ರಾಜ.

ಶಿರಿಯಹೊಳೆ (ಭಾನುವಾರ, ಸಂಜೆ 6:20)

ಮಾಷ್ಟ್ರೇ, ಮಗಳಿಗೆ ಎಲ್ಲ ಓದಿ ಹೇಳಿದೆ. ಮೊಣಕಾಲೂರಿದ ರಾಜನ ಕಥೆಗೆ ಸುಮ್ಮನೆ ಕೂತಳು. ಆಮೇಲೆ, "ಅವರೆಲ್ಲ ದೂರದ ರಾಜರು ಅಪ್ಪ. ನಮ್ಮ ಊರಿನವರಿಗೆ ಯಾವ ರಾಜನಿಂದ ಎಂತ ಸಿಕ್ಕಿದೆ?" ಎಂದಳು. ಇವಳು ಎದುರು ಪಕ್ಷಕ್ಕೇ ಸರಿ.

ಉಪ್ಪಳ_ಇಚ್ಚ (ಭಾನುವಾರ, ರಾತ್ರಿ 11:50)

ಎರಡು ದಿನದಿಂದ ಓದುತ್ತಾ ಇದ್ದೇನೆ, ಬರೆಯಬೇಕೋ ಬೇಡವೋ ಎಂದು. ನಾನು ಶಾರ್ಜಾದಲ್ಲಿ 19 ವರ್ಷ ಇದ್ದವನು. ನಮ್ಮ ಜಿಲ್ಲೆಯಲ್ಲಿ ರಾಜ ಎಂದರೆ ಕಥೆಯಲ್ಲ ಮಾರಾಯ್ರೆ. ಅಬುಧಾಬಿ, ದುಬೈ, ಶಾರ್ಜಾ, ಕತಾರ್, ಕುವೈತ್, ಸೌದಿ, ಎಲ್ಲ ಕಡೆ ರಾಜಮನೆತನವೇ ಸರಕಾರ. ನಮ್ಮ ಅರ್ಧ ಮನೆಗಳ ಗೋಡೆ ಎದ್ದದ್ದು ಅವರ ವೀಸಾದಿಂದ.

ನನ್ನ ತಮ್ಮ ಅಲ್ಲಿ ಒಬ್ಬನ ಜೊತೆ ಪಾಲುದಾರಿಕೆಯಲ್ಲಿ ಸಣ್ಣ ಅಂಗಡಿ ಹಾಕಿದ್ದ. ಚೆಕ್ಕುಗಳಿಗೆಲ್ಲ ತಮ್ಮನದೇ ಸಹಿ. ಒಂದು ದಿನ ಪಾಲುದಾರ ಹಣ ಎತ್ತಿಕೊಂಡು ಊರು ಬಿಟ್ಟ. ಚೆಕ್ ಬೌನ್ಸ್. ತಮ್ಮ ಜೈಲು. ಅಲ್ಲಿಂದ ಫೋನ್ ಕಾರ್ಡಿನಲ್ಲಿ ಮಾತಾಡುತ್ತಿದ್ದ, ಮೊದಲ ಮಾತೇ 'ಉಮ್ಮನಿಗೆ ಹೇಳಬೇಡ'. ಕಾರ್ಡು ಮುಗಿಯುವ ಮೊದಲು ಪೀ ಪೀ ಎನ್ನುತ್ತದೆ. ಈಗಲೂ ಆ ಸದ್ದು ಕೇಳಿದರೆ ನನಗೆ ಹೊಟ್ಟೆ ತೊಳಸುತ್ತದೆ.

2017ರ ಸೆಪ್ಟೆಂಬರಿನಲ್ಲಿ ಶಾರ್ಜಾದ ದೊರೆ ಶೇಖ್ ಸುಲ್ತಾನ್ ಅಲ್ ಖಾಸಿಮಿ ಕೇರಳಕ್ಕೆ ಬಂದರು. ಕಲ್ಲಿಕೋಟೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮುಖ್ಯಮಂತ್ರಿಗಳು, ಹಣಕಾಸಿನ ಕೇಸಿನಲ್ಲಿ ಜೈಲಿನಲ್ಲಿ ಇರುವವರನ್ನು ಬಿಡಿಸಬೇಕೆಂದು ಕೇಳಿಕೊಂಡಿದ್ದರು. ತಿರುವನಂತಪುರದ ಆ ಸಮಾರಂಭದಲ್ಲೇ ಘೋಷಣೆ ಆಯ್ತು, 149 ಭಾರತೀಯರಿಗೆ ಬಿಡುಗಡೆ. ಬರೀ ಮಲಯಾಳಿಗಳಲ್ಲ, ಎಲ್ಲ ಭಾರತೀಯರು. ಅವರು ವಾಪಸು ಊರಿಗೆ ಯಾಕೆ ಹೋಗಬೇಕು, ಶಾರ್ಜಾದಲ್ಲೇ ಕೆಲಸ ಮಾಡಲಿ ಎಂದೂ ಶೇಖ್ ಹೇಳಿದರು. ಟಿವಿ ಮುಂದೆ ನಾನು ಎದ್ದು ನಿಂತುಬಿಟ್ಟೆ. ಯಾವ ಕೋರ್ಟು, ಯಾವ ವಕೀಲ, ಯಾವ ರಾಯಭಾರಿ ಅಷ್ಟು ಬೇಗ ಮಾಡುತ್ತಾರೆ? ವರ್ಷಗಟ್ಟಲೆ ಆಗದ್ದು ಒಂದು ಊಟದ ಹೊತ್ತಿನಲ್ಲಿ ಆಯಿತು.

ತಮ್ಮನ ಪಕ್ಕದ ಮಂಚದವನ ಹೆಸರು ಪಟ್ಟಿಯಲ್ಲಿತ್ತು. ತಮ್ಮನದು ಇರಲಿಲ್ಲ.

ಯಾಕೆ ಎಂದು ಕೇಳಲು ಜಾಗ ಇಲ್ಲ. ಹಕ್ಕಾದರೆ ಅರ್ಜಿ ಹಾಕಬಹುದು, ಮಾಫಿಗೆ ಎಂತ ಅರ್ಜಿ? ಪಕ್ಕದವನು ಹೊರಡುವಾಗ ತನ್ನ ಕಂಬಳಿ, ಚಪ್ಪಲಿ ತಮ್ಮನಿಗೆ ಕೊಟ್ಟು ಹೋದ. ನಾವು ಹೊಲ ಮಾರಿ, ಸಾಲ ಮಾಡಿ, ಮಾತುಕತೆ ಮಾಡಿ ತಮ್ಮನನ್ನು ತಂದದ್ದು ಆಮೇಲೆ 14 ತಿಂಗಳಿಗೆ.

ಆ ಶೇಖರಿಗೆ ನಾನು ಬೈಯುವುದಿಲ್ಲ. 149 ಮನೆಯಲ್ಲಿ ಅವತ್ತು ಬೆಳಕಾಯಿತು. ಯಾರನ್ನೂ ಕೇಳಬೇಕಾಗಿಲ್ಲ, ಅದಕ್ಕೇ ರಾಜ ಅಷ್ಟು ಬೇಗ ಕೊಡುತ್ತಾನೆ. ಅದಕ್ಕೇ ನನ್ನ ತಮ್ಮನ ಹೆಸರು ಯಾಕಿಲ್ಲ ಎಂದು ಅವನನ್ನು ಯಾರೂ ಕೇಳುವ ಹಾಗೂ ಇಲ್ಲ.

ಮಂಜೇಶ್ವರದ_ಅಕ್ಕ (ಸೋಮವಾರ, ಬೆಳಗ್ಗೆ 6:30)

ಇಚ್ಚ, ಬರೆದದ್ದು ಒಳ್ಳೆಯದಾಯ್ತು. ತಮ್ಮ ಈಗ ಹೇಗಿದ್ದಾರೆ?

ಉಪ್ಪಳ_ಇಚ್ಚ (ಸೋಮವಾರ, ಬೆಳಗ್ಗೆ 7:02)

ಊರಲ್ಲೇ. ಮೀನಿನ ಗಾಡಿ ಉಂಟು. ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು.

ಗಡಿಯಾಚೆ (ಸೋಮವಾರ, ಬೆಳಗ್ಗೆ 9:20)

ಇಚ್ಚ ಹೇಳಿದ್ದರಲ್ಲೇ ಎಲ್ಲ ಉಂಟು. ನಾವು ಎರಡು ಬೇರೆ ಬೇರೆ ರಾಜರನ್ನು ಒಂದೇ ಚೀಲಕ್ಕೆ ಹಾಕಿ ಜಗಳ ಆಡುತ್ತಿದ್ದೆವು. ಇಂಗ್ಲೆಂಡ್, ಜಪಾನ್ ಕಡೆಯ ರಾಜರಿಗೆ ಅಧಿಕಾರ ಇಲ್ಲ. 1992ರಲ್ಲಿ ಚಕ್ರವರ್ತಿ ಅಕಿಹಿತೊ ಚೀನಾಕ್ಕೆ ಹೋಗಿ ಯುದ್ಧದ ಬಗ್ಗೆ ದುಃಖ ಹೇಳಿದರು. ಆ ಮಾತಿನ ತೂಕವನ್ನು ಅಳೆದು ಕಳಿಸಿದ್ದು ಸರಕಾರ. ಗಲ್ಫಿನ ದೊರೆಗಳು ಹಾಗಲ್ಲ. ಅವರೇ ಬಾಗಿಲು, ಅವರೇ ಬೀಗ. 2019ರಲ್ಲಿ ಸೌದಿ ಯುವರಾಜ ದೆಹಲಿಗೆ ಬಂದಾಗ 850 ಭಾರತೀಯ ಕೈದಿಗಳ ಬಿಡುಗಡೆ. ಕತಾರಿನಲ್ಲಿ ಮರಣದಂಡನೆ ಆಗಿದ್ದ ನಮ್ಮ ಎಂಟು ಮಂದಿ ಮಾಜಿ ನೌಕಾಪಡೆಯವರು 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ಅಲ್ಲಿನ ಅಮೀರರ ತೀರ್ಮಾನದಿಂದ.

ಅಲ್ಲಿಯೂ ಬರೀ ದಯೆ ಎಂದುಕೊಳ್ಳಬೇಡಿ. ಎಣ್ಣೆ, ಗ್ಯಾಸು, ವ್ಯಾಪಾರ ಎಲ್ಲ ಲೆಕ್ಕ ಇರುತ್ತದೆ. ಒಮಾನಿನ ಸುಲ್ತಾನ್ ಕಾಬೂಸ್ ಅಮೆರಿಕ ಮತ್ತು ಇರಾನಿನವರನ್ನು ಮಸ್ಕತ್ತಿನಲ್ಲಿ ಗುಟ್ಟಾಗಿ ಕೂರಿಸಿ ಮಾತಾಡಿಸಿದರು. ಹತ್ತಿರ ಹತ್ತಿರ 50 ವರ್ಷ ಒಂದೇ ಕುರ್ಚಿಯಲ್ಲಿ ಇದ್ದವರು. ಎರಡೂ ಕಡೆಯ ನಾಲ್ಕು ತಲೆಮಾರಿನ ಅಧಿಕಾರಿಗಳ ಪರಿಚಯ. ಐದು ವರ್ಷಕ್ಕೊಮ್ಮೆ ಬದಲಾಗುವ ನಮ್ಮ ಮಂತ್ರಿಗಳಿಗೆ ಅಷ್ಟು ಹಳೆಯ ಗುರುತು ಎಲ್ಲಿಂದ?

ಅಡಿಕೆಕೊಯ್ಲು (ಸೋಮವಾರ, ಬೆಳಗ್ಗೆ 9:48)

ಇಚ್ಚನ ಬರಹ ಓದಿ ನಾನು ನಿನ್ನೆ ಬರೆದದ್ದಕ್ಕೆ ಸ್ವಲ್ಪ ನಾಚಿಕೆ ಆಯ್ತು. ಆದರೂ ನನ್ನ ಓಟು 'ಬೇಡ' ಕಡೆಗೇ. ಆ ಪಟ್ಟಿಯಲ್ಲಿ ಇಲ್ಲದವರಿಗಾಗಿ.

ಪೆರ್ಲ_ಮಾಷ್ಟ್ರು (ಸೋಮವಾರ, ಬೆಳಗ್ಗೆ 11:15)

ನನ್ನದು 'ಬೇಕು' ಕಡೆಗೇ, ಪಟ್ಟಿಯಲ್ಲಿ ಇದ್ದವರಿಗಾಗಿ. ಆದರೆ ತಮ್ಮನಂಥವರಿಗೆ ಒಬ್ಬ ಒಳ್ಳೆಯ ವಕೀಲನ ಖರ್ಚು ನಮ್ಮ ಸರಕಾರವೇ ಕೊಡಬೇಕು. ಅದಕ್ಕೆ ರಾಜ ಬೇಕಾಗಿಲ್ಲ.

ಶಿರಿಯಹೊಳೆ (ಗುರುವಾರ, ರಾತ್ರಿ 8:15)

ಇಚ್ಚ, ಒಂದು ಅನುಮತಿ ಬೇಕು. ಮಗಳು ಎಲ್ಲ ಬಿಟ್ಟು ಮೂರೇ ಆರಿಸಿಕೊಂಡಿದ್ದಾಳೆ. ಕೊಡೆಯ ರಾಣಿ, ಮೊಣಕಾಲೂರಿದ ರಾಜ, ಮತ್ತೆ ಶಾರ್ಜಾದ 149. ಆ ಕಂಬಳಿಯ ವಿಷಯ ಹೇಳಬಹುದಾ? ಊರು ಹೆಸರು ಏನೂ ಹೇಳುವುದಿಲ್ಲ.

ಉಪ್ಪಳ_ಇಚ್ಚ (ಗುರುವಾರ, ರಾತ್ರಿ 8:40)

ಹೇಳಲಿ ಮಗಳು. ಆದರೆ ಅವಳು ಇರುವುದು 'ಬೇಕು' ಕಡೆ ಅಲ್ವಾ? ಕಂಬಳಿ ಹೇಳಿದರೆ ಸೋಲುತ್ತಾಳೆ.

ಶಿರಿಯಹೊಳೆ (ಶುಕ್ರವಾರ, ಸಂಜೆ 5:30)

ಸ್ಪರ್ಧೆ ಮುಗಿಯಿತು. ಕರೆಂಟು ಇರಲಿಲ್ಲ, ಮೈಕ್ ಇಲ್ಲದೆ ಮಾತಾಡಿದ್ದಾಳೆ. ಕಂಬಳಿ ಹೇಳಿಯೇಬಿಟ್ಟಳಂತೆ. ಎದುರು ಪಕ್ಷದ ಹುಡುಗ ಎದ್ದು, "ಆ ಕಂಬಳಿಯವನನ್ನು ಯಾಕೆ ಬಿಡಲಿಲ್ಲ?" ಎಂದು ಕೇಳಿದನಂತೆ. ಇವಳು, "ಅದನ್ನು ಕೇಳಲಿಕ್ಕೇ ಅಲ್ವಾ ನೀನು ಆ ಕಡೆ ಇರುವುದು" ಎಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ.

ಎರಡನೇ ಬಹುಮಾನ. ಮೊದಲನೆಯದು ಆ ಹುಡುಗನಿಗೆ.

ಮಂಜೇಶ್ವರದ_ಅಕ್ಕ (ಶುಕ್ರವಾರ, ಸಂಜೆ 5:33)

ಶಾಬಾಸ್! ಬಹುಮಾನ ಎಂತ?

ಶಿರಿಯಹೊಳೆ (ಶುಕ್ರವಾರ, ಸಂಜೆ 5:41)

ಸ್ಟೀಲ್ ಲೋಟ. ಹೆಸರು ಕೆತ್ತಿದ್ದಾರೆ, ಒಂದು ಅಕ್ಷರ ತಪ್ಪು.